ಗೊಬ್ಬರದ ಕಾರ್ಖಾನೆಯ ತ್ಯಾಜ್ಯವೂ ಸುಣ್ಣಕಲ್ಲಿನ ಸೀಮೆಯೂ: ಸಿಂದ್ರಿಯಿಂದ ಶಹಾಬಾದದವರೆಗೆ ಒಂದು ವಿವೇಚನೆ

೧

ಕೈಗಾರಿಕೆಗಳ ಚರಿತ್ರೆಯನ್ನು ಬರೆಯುವವರು ಕಾರ್ಖಾನೆಯ ಹೆಬ್ಬಾಗಿಲಿನಿಂದ ಹೊರಬಂದ ಸರಕನ್ನು ಟನ್ನುಗಳಲ್ಲಿ ಎಣಿಸಿ ಕೊಡುತ್ತಾರೆ. ಹಿತ್ತಿಲಿನಲ್ಲಿ ಬಿದ್ದ ತ್ಯಾಜ್ಯದ ಲೆಕ್ಕವನ್ನು ಕೊಡುವವರು ವಿರಳ. ರಸಗೊಬ್ಬರದ ವಿಷಯದಲ್ಲಿ ಈ ಕೊರತೆ ವಿಶೇಷವಾಗಿ ಎದ್ದು ಕಾಣುವುದು. ನಮ್ಮ ದೇಶದ ಆಹಾರ ಸಮಸ್ಯೆಯ ಪರಿಹಾರದಲ್ಲಿ ರಸಗೊಬ್ಬರವು ವಹಿಸಿದ ಪಾತ್ರವನ್ನು ಕುರಿತು ಸಾಕಷ್ಟು ಬರೆಯಲಾಗಿದೆ. ಆದರೆ ಒಂದು ಚೀಲ ಗೊಬ್ಬರ ತಯಾರಾದಾಗ ಅದರ ಹಿಂದೆ ಉಳಿದ ಪದಾರ್ಥ ಯಾವುದು, ಅದು ಎಲ್ಲಿಗೆ ಹೋಯಿತು, ಹೋದ ಸ್ಥಳದ ನೆಲಜಲಗಳಿಗೆ ಏನಾಯಿತು ಎಂಬ ಪ್ರಶ್ನೆಗಳು ಇತಿಹಾಸದ ವಿದ್ಯಾರ್ಥಿಗಳ ಗಮನಕ್ಕೆ ಬಂದಿರುವುದು ಕಡಿಮೆ. ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಗಳನ್ನು ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳನ್ನೊಳಗೊಂಡ ಸುಣ್ಣಕಲ್ಲಿನ ಸೀಮೆಯ ದೃಷ್ಟಿಯಿಂದ ಪರಿಶೀಲಿಸಲು ಯತ್ನಿಸಲಾಗಿದೆ.

ಈ ಸೀಮೆಯ ಪ್ರಸಿದ್ಧಿ ಸಿಮೆಂಟಿನಿಂದ ಬಂದುದು, ಗೊಬ್ಬರದಿಂದಲ್ಲ. ಹೀಗಿರಲು ಗೊಬ್ಬರದ ತ್ಯಾಜ್ಯಕ್ಕೂ ಶಹಾಬಾದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಉತ್ತರವಿಷ್ಟೆ: ಭಾರತದಲ್ಲಿ ಗೊಬ್ಬರದ ಕಾರ್ಖಾನೆ ಹೊರಹಾಕಿದ್ದನ್ನು ಬೃಹತ್ಪ್ರಮಾಣದಲ್ಲಿ ಉಪಯೋಗಿಸಿಕೊಳ್ಳಬಲ್ಲ ಕೈಗಾರಿಕೆಗಳಲ್ಲಿ ಸಿಮೆಂಟು ಅಗ್ರಗಣ್ಯವಾದುದು. ಈ ಎರಡು ಕೈಗಾರಿಕೆಗಳ ನಂಟು ೧೯೫೦ರ ದಶಕದಷ್ಟು ಹಳೆಯದು. ಅದನ್ನು ಮೊದಲು ಕಟ್ಟಿದ ಸಂಸ್ಥೆಯೇ ಶಹಾಬಾದದ ಸಿಮೆಂಟು ಕಾರ್ಖಾನೆಯನ್ನೂ ನಡೆಸುತ್ತಿತ್ತು.

೨

ಭೀಮಾ ಮತ್ತು ಕಾಗಿಣಾ ನದಿಗಳ ನಡುವಣ ಈ ಪ್ರದೇಶದ ತಳಪಾಯವೇ ಸುಣ್ಣಕಲ್ಲು. ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹದ ಈ ಪದರಕ್ಕೆ ಶಹಾಬಾದದ ಹೆಸರನ್ನೇ ಇಟ್ಟಿದ್ದಾರೆ. ಪದರ ಪದರವಾಗಿ ಏಳುವ ಈ ಕಲ್ಲು ‘ಶಹಾಬಾದಿ ಫರಸಿ’ ಎಂಬ ಹೆಸರಿನಿಂದ ದಖ್ಖಣದ ಅಸಂಖ್ಯಾತ ಮನೆಗಳ ನೆಲಕ್ಕೆ ಹಾಸುಗಲ್ಲಾಯಿತು. ೧೮೭೧ರಲ್ಲಿ ಮುಂಬಯಿಯಿಂದ ಬಂದ ರೈಲುಮಾರ್ಗವು ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿಕೊಂಡಿತು. ೧೮೭೪ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ನಿಜಾಮ ಸಂಸ್ಥಾನದ ಮಾರ್ಗವು ತೆರೆಯಿತು. ಕಲ್ಲೂ ರೈಲೂ ಒಂದೆಡೆ ಸೇರಿದ ಮೇಲೆ ಸಿಮೆಂಟು ಬರುವುದು ತಡವಾಗಲಿಲ್ಲ. ನಿಜಾಮರ ಆಳಿಕೆಯ ಕಾಲದಲ್ಲಿಯೇ ಶಹಾಬಾದದಲ್ಲಿ ಸಿಮೆಂಟು ಕಾರ್ಖಾನೆ ಸ್ಥಾಪಿತವಾಯಿತು. ೧೯೩೬ರಲ್ಲಿ ದೇಶದ ಹತ್ತು ಸಿಮೆಂಟು ಕಂಪನಿಗಳು ಒಂದುಗೂಡಿ ‘ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್’, ಅಂದರೆ ಎ.ಸಿ.ಸಿ., ಹುಟ್ಟಿದಾಗ ಶಹಾಬಾದದ ಕಂಪನಿಯೂ ಅದರಲ್ಲಿ ವಿಲೀನವಾಯಿತು. ೧೯೬೮ರಲ್ಲಿ ಅದೇ ಸಂಸ್ಥೆಯ ಕಾರ್ಖಾನೆ ವಾಡಿಯಲ್ಲಿಯೂ, ೧೯೮೦ರ ದಶಕದಲ್ಲಿ ಇತರರ ಕಾರ್ಖಾನೆಗಳು ಮಳಖೇಡ ಮತ್ತು ಸೇಡಂಗಳಲ್ಲಿಯೂ ಬಂದವು.

ಇಷ್ಟೆಲ್ಲ ಇದ್ದರೂ ಸಿಮೆಂಟಿಗೆ ಬೇಕಾದ ಒಂದು ವಸ್ತು ಇಲ್ಲಿ ದೊರೆಯದು, ಅದು ಜಿಪ್ಸಂ. ಸುಣ್ಣಕಲ್ಲು ಮತ್ತು ಜೇಡಿಯನ್ನು ಗೂಡಿನಲ್ಲಿ ಸುಮಾರು ೧೪೫೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಟ್ಟಾಗ ‘ಕ್ಲಿಂಕರ್’ ಎಂಬ ಗಟ್ಟಿ ಉಂಡೆಗಳು ದೊರೆಯುವುವು. ಇದನ್ನು ಹಾಗೆಯೇ ಪುಡಿಮಾಡಿ ನೀರು ಬೆರಸಿದರೆ ಗಾರೆಯವನ ಕೈಯಲ್ಲಿರುವಾಗಲೇ ಗಟ್ಟಿಯಾಗಿಬಿಡುವುದು. ಈ ಆತುರವನ್ನು ತಡೆಯಲು ನೂರಕ್ಕೆ ನಾಲ್ಕೈದು ಪಾಲು ಜಿಪ್ಸಂ ಸೇರಿಸಿ ಅರೆಯಬೇಕು. ೧೦ ಲಕ್ಷ ಟನ್ ಸಿಮೆಂಟು ತಯಾರಿಸುವ ಕಾರ್ಖಾನೆಗೆ ಈ ಲೆಕ್ಕದಲ್ಲಿ ವರ್ಷಕ್ಕೆ ೪೦ರಿಂದ ೫೦ ಸಾವಿರ ಟನ್ ಜಿಪ್ಸಂ ಹೊರಗಿನಿಂದ ಬರಬೇಕಾಯಿತು. ದೇಶದ ನೈಸರ್ಗಿಕ ಜಿಪ್ಸಮಿನ ಬಹುಪಾಲು ಇರುವುದು ದೂರದ ರಾಜಸ್ಥಾನದಲ್ಲಿ. ಸುಣ್ಣಕಲ್ಲಿನ ಸೀಮೆಯ ಈ ಒಂದು ಕೊರತೆಯೇ ಗೊಬ್ಬರದ ತ್ಯಾಜ್ಯಕ್ಕೆ ದಾರಿಯನ್ನು ತೆರೆಯತಕ್ಕದ್ದಾಯಿತು.

೩

ಭಾರತದಲ್ಲಿ ರಸಗೊಬ್ಬರದ ಕೈಗಾರಿಕೆ ೧೯೦೬ರಲ್ಲಿ ಮದರಾಸು ಪ್ರಾಂತದ ರಾಣಿಪೇಟೆಯ ಸೂಪರ್‌ಫಾಸ್ಫೇಟಿನಿಂದ ಆರಂಭವಾಯಿತೆಂದು ಹೇಳುವುದು ವಾಡಿಕೆ. ಮೈಸೂರು ಸಂಸ್ಥಾನವೂ ಹಿಂದುಳಿಯಲಿಲ್ಲ. ಸ್ವಾತಂತ್ರ್ಯಕ್ಕೆ ಮುಂಚೆಯೇ ಕೃಷ್ಣರಾಜಸಾಗರದ ಸಮೀಪದ ಬೆಳಗೊಳದಲ್ಲಿ ಅಮೋನಿಯಂ ಸಲ್ಫೇಟ್ ತಯಾರಾಗುತ್ತಿದ್ದಿತು. ಆದರೆ ತ್ಯಾಜ್ಯವು ಒಂದು ಗಣನೀಯ ಸಮಸ್ಯೆಯಾಗುವಷ್ಟು ದೊಡ್ಡ ಪ್ರಮಾಣದ ತಯಾರಿಕೆ ಮೊದಲಾದುದು ಸಿಂದ್ರಿಯಲ್ಲಿ. ೧೯೪೩ರ ಬಂಗಾಳದ ಕ್ಷಾಮದ ತರುವಾಯ ರೂಪುಗೊಂಡ ಈ ಯೋಜನೆ, ಅಂದಿನ ಬಿಹಾರದ, ಇಂದಿನ ಝಾರ್ಖಂಡದ, ಧನಬಾದ ಜಿಲ್ಲೆಯಲ್ಲಿ ಕಾರ್ಯಗತವಾಗಿ ೧೯೫೧ರ ಅಕ್ಟೋಬರ್ ಕೊನೆಗೆ ಉತ್ಪಾದನೆಯನ್ನು ಆರಂಭಿಸಿತು. ೧೯೫೨ರ ಮಾರ್ಚಿಯಲ್ಲಿ ಜವಾಹರಲಾಲ್ ನೆಹರೂ ಅವರು ಅದನ್ನು ರಾಷ್ಟ್ರಕ್ಕೆ ಅರ್ಪಿಸಿದರು. ದಿನಕ್ಕೆ ೧೦೦೦ ಟನ್ ಅಮೋನಿಯಂ ಸಲ್ಫೇಟ್ ಅದರ ಗುರಿ.

ಅಮೋನಿಯಂ ಸಲ್ಫೇಟಿಗೆ ಗಂಧಕ ಬೇಕು. ಭಾರತದಲ್ಲಿ ಗಂಧಕದ ಗಣಿಗಳಿಲ್ಲ. ಆದುದರಿಂದ ಗಂಧಕಾಮ್ಲದ ಬದಲು ರಾಜಸ್ಥಾನದ ಜಿಪ್ಸಮನ್ನು ತಂದು, ಅಮೋನಿಯ ಮತ್ತು ಇಂಗಾಲಾಮ್ಲದ ಸಂಯೋಗದಿಂದಾದ ಅಮೋನಿಯಂ ಕಾರ್ಬೊನೇಟಿನೊಡನೆ ಅದನ್ನು ವರ್ತಿಸುವ ವಿಧಾನವನ್ನು ಸಿಂದ್ರಿಯಲ್ಲಿ ಅನುಸರಿಸಿದರು. ಇದರಿಂದ ಎರಡು ವಸ್ತುಗಳು ಹುಟ್ಟುವುವು: ಒಂದು ಗೊಬ್ಬರ, ಇನ್ನೊಂದು ಕ್ಯಾಲ್ಸಿಯಂ ಕಾರ್ಬೊನೇಟ್, ಎಂದರೆ ಸೀಮೆಸುಣ್ಣದಂಥ ಬಿಳಿಯ ಕೆಸರು. ರಸಾಯನಶಾಸ್ತ್ರದ ಸಮೀಕರಣದಂತೆ ೧೩೨ ಪಾಲು ಗೊಬ್ಬರಕ್ಕೆ ೧೦೦ ಪಾಲು ಕೆಸರು ಉಳಿಯತಕ್ಕದ್ದು. ಗುರಿಮುಟ್ಟಿದ ದಿನ ೧೦೦೦ ಟನ್ ಗೊಬ್ಬರದ ಬೆನ್ನಿಗೆ ಸುಮಾರು ೭೫೦ ಟನ್ ಕೆಸರು ಬಂದಂತಾಯಿತು. ಹಾಗೆಯೇ ಬಿಟ್ಟಿದ್ದರೆ ಕೆಲವೇ ವರ್ಷಗಳಲ್ಲಿ ಅದು ದಾಮೋದರ ನದಿಯ ಕಡೆಯ ನೆಲವನ್ನೆಲ್ಲ ಆವರಿಸಿ, ಅದರಲ್ಲಿ ಉಳಿದಿರುವ ಅಮೋನಿಯ ಲವಣವು ಮಳೆಯ ನೀರಿನೊಡನೆ ಹರಿದು ಹೋಗುವ ಸಂಭವವಿದ್ದಿತು.

ಈ ಬಿಳಿಯ ಕೆಸರೇ ಸಿಮೆಂಟಿಗೆ ಬೇಕಾದ ಸುಣ್ಣ. ಎ.ಸಿ.ಸಿ. ಸಂಸ್ಥೆಯು ಗೊಬ್ಬರದ ಕಾರ್ಖಾನೆಯ ಮಗ್ಗುಲಲ್ಲಿಯೇ ಸಿಮೆಂಟು ಕಾರ್ಖಾನೆಯನ್ನು ಕಟ್ಟಿ ೧೯೫೫ರಲ್ಲಿ ಈ ಕೆಸರನ್ನು ಕಚ್ಚಾವಸ್ತುವಾಗಿ ಬಳಸತೊಡಗಿತು. ಒಂದು ಟನ್ ಕ್ಲಿಂಕರಿಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕೆಂಬುದನ್ನು ನೆನೆದರೆ, ೭೫೦ ಟನ್ ಕೆಸರು ದಿನಕ್ಕೆ ೫೦೦ ಟನ್ ಕ್ಲಿಂಕರಿಗೆ ಸಾಲುವುದು. ಅಷ್ಟರ ಮಟ್ಟಿಗೆ ಗಣಿಯನ್ನು ತೋಡುವ ಕೆಲಸ ಉಳಿಯುವುದು. ಅದೇ ವರ್ಷಗಳಲ್ಲಿ ಅದೇ ಸಂಸ್ಥೆ ಶಹಾಬಾದದಲ್ಲಿ ನೆಲವನ್ನು ಅಗೆದು ಕಲ್ಲನ್ನು ತೆಗೆಯುತ್ತಿದ್ದಿತು. ಒಂದೇ ಕೈಗಾರಿಕೆಯ ಎರಡು ಮುಖಗಳು ಇಲ್ಲಿ ವ್ಯಕ್ತವಾಗುವುವು: ಒಂದೆಡೆ ಕಸದ ರಾಶಿ ಕರಗಿತು, ಇನ್ನೊಂದೆಡೆ ಗಣಿಯ ಹಳ್ಳ ಬೆಳೆಯಿತು.

ಸಿಂದ್ರಿಯ ಪ್ರಯೋಗ ಫಲಿಸಲು ಮೂರು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು ಸಾಮೀಪ್ಯ; ಕೆಸರು ದೂರದ ಪ್ರಯಾಣ ಮಾಡಲಿಲ್ಲ. ಎರಡನೆಯದು ಅಗ್ನಿ, ಕೆಸರು ಗೂಡಿನೊಳಕ್ಕೆ ಹೋಗುತ್ತಿದ್ದುದರಿಂದ ಅದರಲ್ಲಿದ್ದ ಅಮೋನಿಯದ ಶೇಷ ಅಲ್ಲಿಯೇ ಬಿಟ್ಟುಹೋಗುತ್ತಿದ್ದಿತು. ಮೂರನೆಯದು ಹೊಣೆ, ಕೊಡುವವರು ಯಾರು, ಕೊಳ್ಳುವವರು ಯಾರು ಎಂಬುದು ಒಂದೇ ಊರಿನ ಜನರಿಗೆ ಕಣ್ಣೆದುರಿನ ಸಂಗತಿ. ಆದರೂ ಇದು ದೋಷರಹಿತ ಪರಿಹಾರವಾಗಿತ್ತೆಂದು ಹೇಳಲಾಗದು. ಅಮೋನಿಯ ತಯಾರಿಕೆಯಲ್ಲಿ ಹುಟ್ಟಿದ ಇಂಗಾಲಾಮ್ಲವು ಕೆಸರಿನಲ್ಲಿ ಬಂಧಿತವಾಗಿದ್ದಿತು. ಸಿಮೆಂಟಿನ ಗೂಡಿನಲ್ಲಿ ಅದು ಮತ್ತೆ ಬಿಡುಗಡೆ ಹೊಂದಿ ವಾಯುಮಂಡಲವನ್ನೇ ಸೇರುತ್ತಿದ್ದಿತು. ನೆಲ ಉಳಿಯಿತು, ಆಕಾಶ ಉಳಿಯಲಿಲ್ಲ. ಮುಂದೆ ಸಿಂದ್ರಿಯಲ್ಲಿ ಯೂರಿಯಾ ತಯಾರಿಕೆ ಪ್ರಧಾನವಾಗಿ ಹಳೆಯ ವಿಧಾನ ಹಿಂದೆ ಬಿದ್ದಿತು. ಆ ಕಾರ್ಖಾನೆಯೂ ೨೦೦೨ರ ಕೊನೆಗೆ ಮುಚ್ಚಿತು.

೪

೧೯೬೦ರ ದಶಕದಿಂದೀಚೆಗೆ ಗೊಬ್ಬರದ ಸ್ವರೂಪವೇ ಮಾರ್ಪಟ್ಟಿತು. ಹೆಚ್ಚು ಇಳುವರಿಯ ತಳಿಗಳು ಬಂದಂತೆ ರಂಜಕಯುಕ್ತವಾದ ಗೊಬ್ಬರಗಳಿಗೆ, ವಿಶೇಷವಾಗಿ ಡಿ.ಎ.ಪಿ.ಗೆ, ಬೇಡಿಕೆ ಏರಿತು. ಇದಕ್ಕೆ ಬೇಕಾದ ಫಾಸ್ಫಾರಿಕ್ ಆಮ್ಲವನ್ನು ಪಡೆಯಲು ರಂಜಕದ ಶಿಲೆಯನ್ನು ಗಂಧಕಾಮ್ಲದಲ್ಲಿ ಕರಗಿಸುವರು. ಸಿಂದ್ರಿಯಲ್ಲಿ ಜಿಪ್ಸಂ ಕಚ್ಚಾವಸ್ತುವಾಗಿದ್ದರೆ ಇಲ್ಲಿ ಜಿಪ್ಸಂ ತಾನೇ ತ್ಯಾಜ್ಯವಾಯಿತು. ಇದಕ್ಕೆ ಫಾಸ್ಫೋಜಿಪ್ಸಂ ಎಂದು ಹೆಸರು. ಆಮ್ಲದಲ್ಲಿರುವ ರಂಜಕವನ್ನು ಪೆಂಟಾಕ್ಸೈಡಿನ ರೂಪದಲ್ಲಿ ಗಣಿಸಿದರೆ, ಅದರ ಒಂದು ಟನ್ನಿಗೆ ಸುಮಾರು ೫ ಟನ್ ಜಿಪ್ಸಂ ಹೊರಬೀಳುವುದು. ಡಿ.ಎ.ಪಿ.ಯಲ್ಲಿ ಈ ಪೆಂಟಾಕ್ಸೈಡ್ ನೂರಕ್ಕೆ ೪೬ ಪಾಲು. ೫೦ ಕಿಲೋಗ್ರಾಂ ಚೀಲವೊಂದರಲ್ಲಿ ೨೩ ಕಿಲೋಗ್ರಾಂ. ಆದುದರಿಂದ ರೈತನು ಹೊತ್ತು ತರುವ ಪ್ರತಿಯೊಂದು ಚೀಲದ ಹಿಂದೆ ಎಲ್ಲಿಯೋ ಒಂದು ಕಡೆ ಸುಮಾರು ೧೧೫ ಕಿಲೋಗ್ರಾಂ ಜಿಪ್ಸಂ ಉಳಿದಿದೆ. ಚೀಲದ ತೂಕದ ಇಮ್ಮಡಿಗೂ ಮಿಕ್ಕಿದುದು.

ಕಲಬುರಗಿ ಜಿಲ್ಲೆಯ ಎರೆಭೂಮಿಯಲ್ಲಿ ತೊಗರಿಯನ್ನು ಬಿತ್ತುವಾಗ ಡಿ.ಎ.ಪಿ. ಹಾಕುವುದು ರೂಢಿಯಾಗಿದೆ. ೨೦೧೯ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತುದು ಸರ್ವವಿದಿತ. ಈ ಬೆಳೆಯ ಬೆನ್ನ ಹಿಂದಣ ಜಿಪ್ಸಂ ಎಲ್ಲಿದೆ? ಅದರ ಒಂದು ಪಾಲು ಆಮ್ಲದ ಕಾರ್ಖಾನೆಗಳಿರುವ ವಿಶಾಖಪಟ್ಟಣ, ಪಾರಾದೀಪ ಮೊದಲಾದ ಕರಾವಳಿಯ ಊರುಗಳಲ್ಲಿದೆ. ಇನ್ನೊಂದು ಪಾಲು ಸಮುದ್ರದಾಚೆಗಿದೆ. ನಮ್ಮ ರಾಜ್ಯದ ಪಣಂಬೂರಿನಲ್ಲಿ ೧೯೭೬ರಿಂದ ನಡೆಯುತ್ತಿರುವ ಮಂಗಳೂರು ರಸಗೊಬ್ಬರ ಕಾರ್ಖಾನೆ ತನ್ನ ಡಿ.ಎ.ಪಿ.ಗೆ ಆಮದಾದ ಫಾಸ್ಫಾರಿಕ್ ಆಮ್ಲವನ್ನು ಬಳಸುವುದರಿಂದ ಅಲ್ಲಿ ಫಾಸ್ಫೋಜಿಪ್ಸಮಿನ ಗುಡ್ಡ ಕಾಣದು. ಆ ಗುಡ್ಡ ಆಮ್ಲವನ್ನು ತಯಾರಿಸಿದ ದೇಶಕ್ಕೆ ಸೇರಿದ್ದು. ಭಾರತಕ್ಕೆ ಆಮ್ಲವನ್ನು ಕಳುಹಿಸುವ ದೇಶಗಳಲ್ಲೊಂದಾದ ಟ್ಯುನೀಷಿಯಾದ ಗಾಬೆಸ್ ಎಂಬಲ್ಲಿ ದಶಕಗಳ ಕಾಲ ಈ ಜಿಪ್ಸಮನ್ನು ಸಮುದ್ರಕ್ಕೆ ಬಿಟ್ಟು ಕೊಲ್ಲಿಯ ಜಲಸಸ್ಯ, ಮೀನುಗಾರಿಕೆಗಳು ಹಾನಿಗೊಂಡವು. ಸ್ಪೇನಿನ ವೆಲ್ವಾ ನಗರದ ಅಂಚಿನ ಜೌಗುನೆಲದಲ್ಲಿ ೧೯೬೮ರಿಂದ ೨೦೧೦ರವರೆಗೆ ಸುಮಾರು ೧೦ ಕೋಟಿ ಟನ್ ರಾಶಿಯಾಯಿತು. ಅಮೆರಿಕದ ಫ್ಲೋರಿಡಾದಲ್ಲಿ ೨೦೨೧ರಲ್ಲಿ ಪೈನಿ ಪಾಯಿಂಟ್ ಎಂಬಲ್ಲಿನ ಜಿಪ್ಸಂ ರಾಶಿಯ ಮೇಲಣ ಕೊಳ ಸೋರತೊಡಗಿದಾಗ, ಕಟ್ಟೆ ಒಡೆಯುವ ಭಯದಿಂದ ಕೋಟಿಗಟ್ಟಲೆ ಗ್ಯಾಲನ್ ಕಲುಷಿತ ನೀರನ್ನು ಟ್ಯಾಂಪಾ ಕೊಲ್ಲಿಗೆ ಬಿಡಬೇಕಾಯಿತು.

ಈ ದೃಷ್ಟಾಂತಗಳನ್ನು ಕಂಡಾಗ ಫಾಸ್ಫೋಜಿಪ್ಸಮನ್ನು ಸಿಮೆಂಟಿಗೆ ಬಳಸುವುದು ಶ್ಲಾಘ್ಯವೇ ಸರಿ. ವರ್ಷಕ್ಕೆ ಒಂದು ಲಕ್ಷ ಟನ್ ಪೆಂಟಾಕ್ಸೈಡಿನಷ್ಟು ಆಮ್ಲ ತಯಾರಿಸುವ ಕಾರ್ಖಾನೆಯ ಸುಮಾರು ೫ ಲಕ್ಷ ಟನ್ ಜಿಪ್ಸಮನ್ನು ಒಂದು ಕೋಟಿ ಟನ್ ಸಿಮೆಂಟು ಹೀರಿಕೊಳ್ಳಬಲ್ಲದು. ರಾಜಸ್ಥಾನದಲ್ಲಿ ಅಷ್ಟು ಗಣಿಗಾರಿಕೆ ಉಳಿಯುವುದು. ಕರಾವಳಿಯಲ್ಲಿ ಅಷ್ಟು ಗುಡ್ಡ ಇಳಿಯುವುದು. ದೇಶದ ಸಿಮೆಂಟು ಕೈಗಾರಿಕೆ ಈ ವಸ್ತುವನ್ನು ಬಹಳ ಕಾಲದಿಂದ ಸ್ವೀಕರಿಸುತ್ತ ಬಂದಿದೆ. ಆದರೆ ಸಿಂದ್ರಿಯಲ್ಲಿ ಕಂಡ ಮೂರು ಅನುಕೂಲಗಳಲ್ಲಿ ಇಲ್ಲಿ ಯಾವುದೂ ಉಳಿದಿಲ್ಲವೆಂಬುದನ್ನು ಮರೆಯಲಾಗದು.

೫

ಮೊದಲನೆಯದಾಗಿ ಸಾಮೀಪ್ಯವಿಲ್ಲ. ಪೂರ್ವ ಕರಾವಳಿಯಿಂದ ವಾಡಿಯವರೆಗಿನ ಹಾದಿ ನೂರಾರು ಮೈಲಿಗಳದು. ಎರಡನೆಯದಾಗಿ ಅಗ್ನಿಯಿಲ್ಲ. ಜಿಪ್ಸಂ ಗೂಡಿಗೆ ಹೋಗುವುದಿಲ್ಲ. ಸುಟ್ಟ ಕ್ಲಿಂಕರಿನೊಡನೆ ಅರೆಯುವಾಗ ಸೇರುವುದು. ಆದುದರಿಂದ ಅದರಲ್ಲಿರುವ ಕಲ್ಮಷ ಸುಟ್ಟುಹೋಗದೆ ಹಾಗೆಯೇ ಉಳಿಯುವುದು. ಈ ಕಲ್ಮಷಗಳು ಯಾವುವೆಂದರೆ, ತೊಳೆದುಹೋಗದೆ ಉಳಿದ ಆಮ್ಲ, ಫಾಸ್ಫೇಟ್, ಫ್ಲೋರೈಡ್, ಅತ್ಯಲ್ಪ ಪ್ರಮಾಣದ ಕ್ಯಾಡ್ಮಿಯಂ ಮುಂತಾದ ಲೋಹಗಳು, ಮತ್ತು ರಂಜಕದ ಶಿಲೆಯಿಂದ ಬಂದ ರೇಡಿಯಂ. ಫಾಸ್ಫೇಟ್ ಮತ್ತು ಫ್ಲೋರೈಡ್‌ಗಳು ಹೆಚ್ಚಾದರೆ ಸಿಮೆಂಟು ಗಟ್ಟಿಯಾಗುವುದು ಅತಿಯಾಗಿ ತಡವಾಗುವುದರಿಂದ ಕಾರ್ಖಾನೆಯವರೂ ಅವನ್ನು ಬಯಸರು. ಜಿಪ್ಸಮನ್ನು ನೀರಿನಿಂದ ತೊಳೆದರೆ ಅದು ಶುದ್ಧವಾಗುವುದು ನಿಜ. ಆದರೆ ತೊಳೆದ ನೀರು ಮತ್ತೊಂದು ತ್ಯಾಜ್ಯವಾಗುವುದು.

ರೇಡಿಯಂ ವಿಷಯದಲ್ಲಿ ಭಯವೂ ಅಲಕ್ಷ್ಯವೂ ಎರಡೂ ಸಲ್ಲವು. ಭಾರತದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಗ್ರಾಮಿಗೆ ಒಂದು ಬೆಕೆರೆಲ್ ಎಂಬ ಮಿತಿಯನ್ನು ಇದಕ್ಕೆ ವಿಧಿಸಿದೆ. ಸಿಮೆಂಟಿನಲ್ಲಿ ಜಿಪ್ಸಮಿನ ಪಾಲು ನೂರಕ್ಕೆ ಐದರಷ್ಟೇ ಆದುದರಿಂದ ಅದು ಇನ್ನೂ ವಿರಳವಾಗುವುದು. ಆದರೆ ಕಾಲದ ಪ್ರಮಾಣವನ್ನು ಇತಿಹಾಸಕಾರನು ಗಮನಿಸದೆ ಇರಲಾರನು. ರೇಡಿಯಂ ಅರ್ಧಕ್ಕಿಳಿಯಲು ಸುಮಾರು ೧೬೦೦ ವರ್ಷಗಳು ಬೇಕು. ಕಾಗಿಣಾ ದಂಡೆಯ ಮಳಖೇಡವು ಮಾನ್ಯಖೇಟವಾಗಿದ್ದು, ಅಮೋಘವರ್ಷ ನೃಪತುಂಗನು ಅಲ್ಲಿಂದ ರಾಜ್ಯವಾಳುತ್ತಿದ್ದ ಒಂಬತ್ತನೆಯ ಶತಮಾನದಲ್ಲಿ ಇಂಥ ರಾಶಿಯೊಂದನ್ನು ಅಲ್ಲಿ ಹಾಕಿದ್ದರೆ, ಅದರ ರೇಡಿಯಮಿನ ಐದರಲ್ಲಿ ಮೂರು ಪಾಲು ಇಂದಿಗೂ ಇರುತ್ತಿದ್ದಿತು. ರಾಷ್ಟ್ರಕೂಟರ ಅರಮನೆಗಿಂತ ಹೆಚ್ಚು ಕಾಲ ಬಾಳುವ ವಸ್ತುವಿನ ದಾಖಲೆ ಒಂದು ಕಾರ್ಖಾನೆಯ ಹತ್ತಿಪ್ಪತ್ತು ವರ್ಷಗಳ ಕಡತದಲ್ಲಿ ಮುಗಿಯತಕ್ಕದ್ದಲ್ಲ.

ಸಮೀಪದ ಅಪಾಯವಿರುವುದು ಸಿದ್ಧವಾದ ಸಿಮೆಂಟಿನಲ್ಲಿ ಎನ್ನುವುದಕ್ಕಿಂತ ಜಿಪ್ಸಮನ್ನು ಕೂಡಿಡುವ ಅಂಗಳದಲ್ಲಿ. ಸಿಮೆಂಟಿನಲ್ಲಿ ನೂರಕ್ಕೆ ಐದು ಪಾಲಾಗಿರುವ ವಸ್ತು ಅಂಗಳದಲ್ಲಿ ನೂರಕ್ಕೆ ನೂರು ಪಾಲಾಗಿರುವುದು. ಬೇಸಗೆಯಲ್ಲಿ ಒಣಗಿದ ರಾಶಿಯಿಂದ ಧೂಳೇಳುವುದು, ಮುಂಗಾರಿನಲ್ಲಿ ನೀರಿಳಿಯುವುದು. ಜಿಪ್ಸಂ ಒಂದು ಲೀಟರ್ ನೀರಿನಲ್ಲಿ ಎರಡು ಗ್ರಾಮಿಗೂ ಮಿಕ್ಕಿ ಕರಗುವುದರಿಂದ ಆ ನೀರು ಗಡಸಾಗಿ, ಸಲ್ಫೇಟಿನಿಂದ ತುಂಬಿ, ಕುಡಿಯಲು ಅಯೋಗ್ಯವಾಗುವುದು. ಅದರೊಡನೆ ಫ್ಲೋರೈಡೂ ಹೊರಡುವುದು. ಈಶಾನ್ಯ ಕರ್ನಾಟಕದ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಸಹಜವಾಗಿಯೇ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ ೧.೫ ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಅಂಚಿನಲ್ಲಿರುವ ಬಾವಿಯನ್ನು ಅಂಚಿನಾಚೆಗೆ ತಳ್ಳಲು ಬಹಳ ಬೇಕಾಗದು.

ಇಲ್ಲಿ ಸುಣ್ಣಕಲ್ಲು ಮಿತ್ರನೂ ಹೌದು, ಶತ್ರುವೂ ಹೌದು. ಆಮ್ಲವನ್ನು ಶಮನಗೊಳಿಸಿ, ಫ್ಲೋರೈಡನ್ನು ಕ್ಯಾಲ್ಸಿಯಮಿನೊಡನೆ ಬಂಧಿಸುವ ಗುಣ ಸುಣ್ಣಕ್ಕುಂಟು. ಆಮ್ಲದ ಕಾರ್ಖಾನೆಗಳಲ್ಲಿ ನೀರನ್ನು ಶುದ್ಧಿಪಡಿಸುವುದೂ ಸುಣ್ಣದಿಂದಲೇ. ಆದರೆ ಫರಸಿಯ ಪದರಗಳು ಬಿರುಕುಗಳಿಂದ ಕೂಡಿದವು. ಎರೆಮಣ್ಣಿನ ಹೊದಿಕೆಯಿದ್ದಲ್ಲಿ ನೀರು ನಿಧಾನವಾಗಿ ಇಳಿಯುವುದು; ಗಣಿ ತೋಡಿ ಮಣ್ಣನ್ನು ತೆಗೆದ ಕಡೆ ಅದು ಬಿರುಕುಗಳಲ್ಲಿ ಬೇಗನೆ ಹರಿದು ಬಾವಿಯನ್ನೂ ಹಳ್ಳವನ್ನೂ ಸೇರಬಲ್ಲದು. ಹಳ್ಳಗಳು ಕಾಗಿಣೆಯನ್ನು, ಕಾಗಿಣೆ ಭೀಮೆಯನ್ನು ಸೇರುವುವು.

೬

ಮೂರನೆಯದು ಹೊಣೆಯ ಪ್ರಶ್ನೆ. ೧೯೭೪ರ ಜಲ ಮಾಲಿನ್ಯ ಅಧಿನಿಯಮ, ೧೯೮೧ರ ವಾಯು ಮಾಲಿನ್ಯ ಅಧಿನಿಯಮ, ೧೯೮೬ರ ಪರಿಸರ ಸಂರಕ್ಷಣಾ ಅಧಿನಿಯಮಗಳು ನಮ್ಮಲ್ಲಿವೆ. ೨೦೧೬ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳು ಫಾಸ್ಫೋಜಿಪ್ಸಮನ್ನು ಹಾರುಬೂದಿಯೇ ಮೊದಲಾದವುಗಳೊಡನೆ ‘ಪ್ರಮಾಣ ಅಧಿಕ, ಪರಿಣಾಮ ಅಲ್ಪ’ ಎಂಬ ವರ್ಗಕ್ಕೆ ಸೇರಿಸಿ ಮುಖ್ಯ ಅನುಸೂಚಿಯಿಂದ ಹೊರಗಿಟ್ಟಿವೆ. ಅದನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರತ್ಯೇಕ ಮಾರ್ಗಸೂಚಿಗೆ ಒಪ್ಪಿಸಲಾಗಿದೆ. ಅಲ್ಪ ಪರಿಣಾಮವೆಂಬುದು ಒಂದು ಟನ್ನಿಗೆ ಸಲ್ಲುವ ಮಾತು. ಅಧಿಕ ಪ್ರಮಾಣವು ಅನೇಕ ವರ್ಷ ಒಂದೇ ಸ್ಥಳದಲ್ಲಿ ಕೂಡಿದಾಗ ಪರಿಣಾಮವೂ ಕೂಡುತ್ತ ಹೋಗುವುದೆಂಬುದನ್ನು ವೆಲ್ವಾದ ಉದಾಹರಣೆ ತೋರಿಸುವುದು.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. ಕರಾವಳಿಯಲ್ಲಿ ತ್ಯಾಜ್ಯವೆಂದು ಬರೆಯಲ್ಪಟ್ಟ ವಸ್ತು ಸಿಮೆಂಟು ಕಾರ್ಖಾನೆಯ ತೂಕದ ಸೇತುವೆಯನ್ನು ದಾಟಿದೊಡನೆ ಕಚ್ಚಾವಸ್ತುವಾಗುವುದು. ಅಲ್ಲಿಯ ಪುಸ್ತಕದಲ್ಲಿ ಕಡಿಮೆಯಾದ ಟನ್ ಇಲ್ಲಿಯ ಪುಸ್ತಕದಲ್ಲಿ ಬೇರೆ ಹೆಸರಿನಿಂದ ಸೇರುವುದು. ಲೆಕ್ಕ ಸರಿಹೋಗುವುದು, ಫ್ಲೋರೈಡಿಗೆ ಮಾತ್ರ ಹೆಸರು ಬದಲಾದುದು ತಿಳಿಯದು. ಸಿಂದ್ರಿಯಲ್ಲಿ ಕೆಸರನ್ನು ಕೊಟ್ಟವರೂ ಕೊಂಡವರೂ ಎದುರುಬದುರಿಗಿದ್ದರು. ಇಲ್ಲಿ ಗೊಬ್ಬರವನ್ನು ಬಳಸಿದ ರೈತ, ಆಮ್ಲವನ್ನು ತಯಾರಿಸಿದ ಕಾರ್ಖಾನೆ, ಜಿಪ್ಸಮನ್ನು ಸಾಗಿಸಿದ ರೈಲು, ಅದನ್ನು ಅರೆದ ಗಿರಣಿ, ಅಂಗಳದ ಮಗ್ಗುಲ ಬಾವಿಯಲ್ಲಿ ನೀರು ಸೇದುವ ಕುಟುಂಬ ಇವರೆಲ್ಲರೂ ಪರಸ್ಪರ ಅಪರಿಚಿತರು.

ಮೇಲಣ ವಿವೇಚನೆಯಿಂದ ನಾವು ತಲಪುವ ನಿರ್ಣಯವಿದು: ತ್ಯಾಜ್ಯದ ಉಪಯೋಗವೆಂಬುದು ತ್ಯಾಜ್ಯದ ನಿರ್ಮೂಲನವಲ್ಲ, ಅದರ ಒಂದು ಭಾಗದ ಸ್ಥಾನಾಂತರ. ಈ ಸ್ಥಾನಾಂತರ ಹಿತಕರವೋ ಅಹಿತಕರವೋ ಎಂಬುದು ದೂರ, ಶುದ್ಧಿ, ಹೊಣೆ ಎಂಬ ಮೂರನ್ನೇ ಅವಲಂಬಿಸಿರುವುದು. ದೂರವನ್ನು ನಾವು ತಗ್ಗಿಸಲಾರೆವು. ಶುದ್ಧಿಯನ್ನು ಬೇಡಬಹುದು: ಕಳುಹಿಸುವ ಮೊದಲೇ ಜಿಪ್ಸಮನ್ನು ತೊಳೆದು ಪರೀಕ್ಷಿಸುವುದು, ಬಂದ ಮೇಲೆ ಮಾಡಿನ ಕೆಳಗೆ ನೀರಿಳಿಯದ ನೆಲದ ಮೇಲೆ ಇಡುವುದು ಇವು ಕಷ್ಟಸಾಧ್ಯವಾದ ಕಾರ್ಯಗಳಲ್ಲ. ಹೊಣೆಯನ್ನು ಸ್ಥಾಪಿಸಲು ದಾಖಲೆ ಬೇಕು. ದಾಖಲೆಯನ್ನು ಹುಡುಕುವುದು, ಇಲ್ಲದಿದ್ದಲ್ಲಿ ಸೃಷ್ಟಿಸುವುದು ನಮ್ಮ ಶಾಸ್ತ್ರದ ಕರ್ತವ್ಯವೇ ಆಗಿದೆ.

ಶಹಾಬಾದ, ಚಿತ್ತಾಪುರ, ಸೇಡಂಗಳ ಕಾಲೇಜುಗಳಲ್ಲಿ ಇತಿಹಾಸವನ್ನೂ ರಸಾಯನಶಾಸ್ತ್ರವನ್ನೂ ಓದುವ ವಿದ್ಯಾರ್ಥಿಗಳು ಜೊತೆಗೂಡಿ ಈ ಕೆಲಸವನ್ನು ಕೈಕೊಳ್ಳಬಹುದು. ಪ್ರತಿವರ್ಷ ಮುಂಗಾರಿಗೆ ಮೊದಲು ಒಮ್ಮೆ, ತರುವಾಯ ಒಮ್ಮೆ ಕಾರ್ಖಾನೆಗಳ ಸುತ್ತಣ ಬಾವಿಗಳ ನೀರಿನ ಗಡಸುತನ, ಸಲ್ಫೇಟ್, ಫ್ಲೋರೈಡ್‌ಗಳನ್ನು ಅಳೆದು, ಬಾವಿಯ ಹೆಸರು ಮತ್ತು ದಿನಾಂಕದೊಡನೆ ಬರೆದಿಡಬೇಕು. ಜಿಪ್ಸಮಿನ ಆಗಮನದ ಲೆಕ್ಕವನ್ನು ಕಾರ್ಖಾನೆಗಳಿಂದ ಕೇಳಿ ಪಡೆಯಬೇಕು. ಎರಡನ್ನೂ ಕನ್ನಡದಲ್ಲಿ ಗ್ರಾಮಪಂಚಾಯತಿಗಳಿಗೆ ಒಪ್ಪಿಸಬೇಕು. ಹತ್ತು ವರ್ಷಗಳ ಇಂಥ ಪಟ್ಟಿಯೊಂದು ಕೈಯಲ್ಲಿದ್ದರೆ, ನೀರು ಕೆಟ್ಟಿದೆಯೆಂದು ಊರಿನವರು ಹೇಳಿದಾಗಲೂ, ಕೆಟ್ಟಿಲ್ಲವೆಂದು ಕಾರ್ಖಾನೆಯವರು ಹೇಳಿದಾಗಲೂ, ತೀರ್ಮಾನಕ್ಕೆ ಆಧಾರವೊಂದು ಇರುವುದು.